ಹಾಫ್ ಕ್ಲಚ್ಚಿನ ನಡುಕ

ಗಟ್ಟಿಯಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ಬ್ಯಾಂಕಿನವರಿಗೂ ಬಿಟ್ಟರೆ ಇನ್ಯಾರಿಗೂ ನೆನಪಿದ್ದ ಹಾಗಿರಲಿಲ್ಲ. ಇದು ಬೀದಿಯ ಗ್ಯಾರೇಜಿನವರೆಲ್ಲ ಸೇರಿ ಇಟ್ಟ ಹೆಸರು. ಯಾಕೆ ಇಟ್ಟರು ಅಂತ ಕೇಳಬೇಕಾಗಿಯೂ ಇಲ್ಲ. ಅವನ ಶೆಡ್ಡಿನಲ್ಲಿ ಒಂದು ಗಳಿಗೆ ನಿಂತರೆ ಸಾಕಿತ್ತು. ಚಹಾ ಗಟ್ಟಿ ಇರಬೇಕು, ಬಾಗಿಲು ಗಟ್ಟಿ ಇರಬೇಕು, ಮನುಷ್ಯ ಗಟ್ಟಿ ಇರಬೇಕು ಅಂತ ಬಾಯಿ ತೆರೆದರೆ ಅದೇ ಮಾತು. ಎಲ್ಲಕ್ಕಿಂತ ಮೊದಲು ಅವನು ಎರಕ ಹೊಯ್ಯುವ ಎಂಜಿನ್ ಮೌಂಟಿಂಗ್ ಗಟ್ಟಿ ಇರಬೇಕು.

ಈ ಮೌಂಟಿಂಗ್ ಅನ್ನುವುದನ್ನು ಕಾರು ಓಡಿಸುವವರಲ್ಲೇ ಮುಕ್ಕಾಲು ಪಾಲು ಜನ ಕಣ್ಣಾರೆ ನೋಡಿರುವುದಿಲ್ಲ. ಎಂಜಿನ್ನನ್ನು ಕಾರಿನ ಕಬ್ಬಿಣದ ಚೌಕಟ್ಟಿಗೆ ನೇರವಾಗಿ ಬಿಗಿದುಬಿಟ್ಟರೆ ಒಳಗೆ ಕೂತವರ ಹಲ್ಲು ಕಟಕಟ ಅನ್ನುತ್ತದೆ. ಅದಕ್ಕೇ ಎರಡರ ನಡುವೆ ಮುಷ್ಟಿ ಗಾತ್ರದ ದಿಂಬು ಇಟ್ಟಿರುತ್ತಾರೆ: ಹೊರಗೆ ಕಬ್ಬಿಣದ ಬಳೆ, ಒಳಗೆ ಕಬ್ಬಿಣದ ಕೊಳವೆ, ನಡುವೆ ರಬ್ಬರು. ಎಂಜಿನ್ ಎಷ್ಟೇ ಕುಣಿದರೂ ಆ ರಬ್ಬರು ಹೊಟ್ಟೆಗೆ ಹಾಕಿಕೊಳ್ಳಬೇಕು. ಕಂಪನಿಯ ರಬ್ಬರು ಸಾಲದು ಅನ್ನುವವರಿಗೆ, ಇಲ್ಲವೇ ತಮ್ಮ ಕಾರಿನ ಸಾಮಾನು ಬರುವುದೇ ನಿಂತುಹೋದವರಿಗೆ, ಗಟ್ಟಿಯಣ್ಣ ರಬ್ಬರಿನ ಜಾಗದಲ್ಲಿ ಪಾಲಿಯುರಿಥೇನ್ ಹೊಯ್ದು ಕೊಡುತ್ತಿದ್ದ. ಅಷ್ಟುದ್ದದ ಹೆಸರು ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಬೀದಿಯಲ್ಲಿ ಅದನ್ನು ಪಿಯು ಅಂತಲೇ ಕರೆಯುತ್ತಿದ್ದರು.

ಶೆಡ್ಡಿನ ಗೋಡೆಗೆ ಒಂದು ಹಲಗೆ, ಅದರ ಮೇಲೆ ಸಾಲಾಗಿ ಮುಚ್ಚಳ ಬಿಗಿದ ಡಬ್ಬಗಳು. ಒಂದೊಂದರ ಮೇಲೂ ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು ಅಂತ ಬಣ್ಣದಲ್ಲಿ ಬರೆದಿದ್ದ. ಮಾಲು ಗಟ್ಟಿಯಾದ ಮೇಲೆ ಎಷ್ಟು ಗಡುಸು ಅನ್ನುವುದರ ಗುರುತು ಅದು. ಅರವತ್ತು ಅಂದರೆ ಹೆಬ್ಬೆರಳಿಗೆ ಬಗ್ಗುವಷ್ಟು ಮೆತ್ತಗೆ, ತೊಂಬತ್ತು ಅಂದರೆ ಕಲ್ಲಿನ ತಮ್ಮ. ತೊಂಬತ್ತರ ಡಬ್ಬ ತಂದಿಟ್ಟಷ್ಟೂ ಖಾಲಿಯಾಗುತ್ತಿತ್ತು, ಅರವತ್ತರ ಡಬ್ಬದ ಮೇಲೆ ಜೇಡ ಸಂಸಾರ ಹೂಡಿತ್ತು. ಗಿರಾಕಿಗಳೂ ಹಾಗೇ ಇದ್ದರು ಅನ್ನಿ. ಇದ್ದ ಎಂಜಿನ್ ಕಿತ್ತು ದೊಡ್ಡದೊಂದು ಹಾಕಿಸಿಕೊಂಡು ಖಾಲಿ ರಸ್ತೆಯಲ್ಲಿ ಗುಂಯ್ ಅನ್ನಿಸುವ ಹುಚ್ಚಿನವರು ಅವರು. ಅಂಥವರು ಬಂದರೆ ಗಟ್ಟಿಯಣ್ಣ ಲಾಯರನ ಹಾಗೆ ಪ್ರಶ್ನೆ ಹಾಕುತ್ತಿದ್ದ. ಯಾವ ಎಂಜಿನ್, ಎಷ್ಟು ತೂಕ, ಎಣ್ಣೆ ಸೋರುತ್ತದೋ ಇಲ್ಲವೋ. ಹೊಯ್ದ ಮಾರನೆಯ ಬೆಳಿಗ್ಗೆ ಅಚ್ಚಿನಿಂದ ಬಿಡಿಸಿ, ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ, ಸಿಮೆಂಟು ನೆಲಕ್ಕೆ ಒಮ್ಮೆ ಎತ್ತಿ ಹಾಕಿ ಸದ್ದು ಕೇಳುತ್ತಿದ್ದ. ಠಕ್ ಅಂದರೆ ಮುಖ ಅರಳುತ್ತಿತ್ತು.

ಇಷ್ಟೆಲ್ಲ ಬಲ್ಲವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ನಗಬೇಡಿ, ಬೀದಿಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಹರೆಯದಲ್ಲಿ ಒಮ್ಮೆ ಗಿರಾಕಿಯೊಬ್ಬರ ಕಾರಿನಲ್ಲಿ ಕೂತು ಕ್ಲಚ್ ಬಿಟ್ಟಿದ್ದಕ್ಕೆ ಕಾರು ನೆಗೆದು ಹೋಗಿ ಗ್ಯಾರೇಜಿನ ನೀರಿನ ತೊಟ್ಟಿಗೆ ಮುತ್ತಿಟ್ಟಿತ್ತು. ಅವತ್ತಿಂದ ಸೈಕಲ್ಲೇ ಗತಿ. ಕಾರಿನ ಕೆಳಗೆ ಎಷ್ಟು ಹೊತ್ತು ಬೇಕಾದರೂ ಮಲಗುತ್ತಿದ್ದ, ಸ್ಟಿಯರಿಂಗ್ ಹಿಂದೆ ಕೂರು ಅಂದರೆ ಮಾತು ಬದಲಿಸುತ್ತಿದ್ದ.

ಇಂಥ ಅಪ್ಪನ ಒಬ್ಬಳೇ ಮಗಳು ಡ್ರೈವಿಂಗ್ ಕಲಿಸುವವಳಾದಳು, ನೋಡಿ ಹಣೆಬರಹ. ಹಳೆಯದೊಂದು ಪುಟ್ಟ ಕಾರು ಕೊಂಡು, ಹಿಂದೆ ಮುಂದೆ ಕೆಂಪು ಅಕ್ಷರದ ಬೋರ್ಡು ಹಾಕಿ, ತಾನೇ ಒಂದು ಕ್ಲಾಸು ಶುರುಮಾಡಿದ್ದಳು. ಅವಳ ಹತ್ತಿರ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಬೇರೆ ಕಡೆ ಹೋಗಿ, ಕಲಿಸುವವರ ಕೂಗಾಟಕ್ಕೆ ಬೆದರಿ, ಇದು ನನ್ನ ಕೈಲಾಗುವ ಕೆಲಸವಲ್ಲ ಅಂತ ಕೈಚೆಲ್ಲಿ ಕೂತವರು. ಮಗಳು ದನಿ ಏರಿಸುತ್ತಿರಲಿಲ್ಲ. ಮೊದಲ ದಿನವೇ ಚಪ್ಪಲಿ ಬಿಡಿಸುತ್ತಿದ್ದಳು. ಕಾರು ನಿಂತಲ್ಲೇ ನಿಂತಿರಲಿ, ಎಂಜಿನ್ ಆನ್ ಇರಲಿ, ಮೊದಲ ಗೇರ್ ಹಾಕಿರಲಿ, ಬ್ರೇಕ್ ಒತ್ತಿಕೊಂಡೇ ಕ್ಲಚ್ಚಿನ ಮೇಲಿನ ಕಾಲನ್ನು ನಿಧಾನಕ್ಕೆ ಮೇಲೆತ್ತಿ ಅನ್ನುತ್ತಿದ್ದಳು. ಒಂದು ಜಾಗದಲ್ಲಿ ಕಾರು ಸಣ್ಣಗೆ ನಡುಗುತ್ತದೆ, ಅಂಗಾಲಿಗೆ ಗೊತ್ತಾಗುತ್ತದೆ, ಅದೇ ಹಾಫ್ ಕ್ಲಚ್. ಅಲ್ಲಿ ಕಾಲು ನಿಲ್ಲಿಸಿ ಬ್ರೇಕ್ ಬಿಟ್ಟರೆ ಕಾರು ತಾನಾಗಿ ಹೊರಡುತ್ತದೆ. ಆ ನಡುಕ ಒಮ್ಮೆ ಕಾಲಿಗೆ ಸಿಕ್ಕಿದವರು ಆಮೇಲೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅವಳ ಕ್ಲಾಸಿನ ಗುಟ್ಟೆಲ್ಲ ಇಷ್ಟೇ.

ಸಿಕ್ಕುವವರೆಗೆ ಮಾತ್ರ ಕಾರಿನ ಗ್ರಹಚಾರ. ಕಲಿಯುವವರು ಗಾಬರಿಯಲ್ಲಿ ಕ್ಲಚ್ಚನ್ನು ಧಬಕ್ಕನೆ ಬಿಡುತ್ತಾರೆ, ಎಂಜಿನ್ ಕಿತ್ತುಕೊಂಡು ಹೋಗುವ ಹಾಗೆ ಎಗರುತ್ತದೆ. ದಿನಾ ಅಷ್ಟು ಏಟು ತಿಂದರೆ ಯಾವ ರಬ್ಬರು ತಾನೇ ಬಾಳೀತು? ಒಂದು ದಿನ ಮೌಂಟಿಂಗ್ ಹರಿದುಹೋಯಿತು. ಆ ಕಾರಿನ ಮೌಂಟಿಂಗ್ ಮಾಡುವುದನ್ನು ಕಂಪನಿಯವರು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಗಳು ಅಪ್ಪನ ಶೆಡ್ಡಿಗೆ ಬಂದಳು.

ಅವಳು ಮಾತು ಪೂರ್ತಿ ಮಾಡುವುದರೊಳಗೆ ಗಟ್ಟಿಯಣ್ಣನ ಕೈ ತೊಂಬತ್ತರ ಡಬ್ಬಕ್ಕೆ ಹೋಗಿತ್ತು. ಕಂಡಕಂಡವರಿಗೆ ಪ್ರಶ್ನೆ ಹಾಕುವವನು ಮಗಳಿಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಗಳ ಕಾರಿಗೆ ಕಮ್ಮಿ ಮಾಲು ಹಾಕುತ್ತೇನೆಯೇ ಅಂತ ಅವನ ಹೆಗ್ಗಳಿಕೆ. ತೂಕ ಮಾಡಿ, ಪಿಯುವನ್ನೂ ಅದನ್ನು ಗಟ್ಟಿಮಾಡುವ ಮಾಲನ್ನೂ ಬೆರೆಸಿ, ಗಾಳಿಗುಳ್ಳೆ ಒಂದೂ ಉಳಿಯದ ಹಾಗೆ ವ್ಯಾಕ್ಯೂಮ್ ಡಬ್ಬದಲ್ಲಿಟ್ಟು ತೆಗೆದು, ಜೇನಿನ ಹಾಗೆ ಎಳೆಎಳೆಯಾಗಿ ಅಚ್ಚಿಗೆ ಹೊಯ್ದ. ಅಂಥ ಅಚ್ಚುಕಟ್ಟಾದ ಎರಕವನ್ನು ಅವನು ಅದಕ್ಕೆ ಮುಂಚೆ ಯಾರಿಗೂ ಮಾಡಿಕೊಟ್ಟಿರಲಿಲ್ಲ. ನೆಲಕ್ಕೆ ಹಾಕಿದಾಗ ಠಕ್ ಅಂದಿದ್ದು ಪಕ್ಕದ ಗ್ಯಾರೇಜಿಗೂ ಕೇಳಿಸಿತು.

ಆ ಪಕ್ಕದ ಗ್ಯಾರೇಜು ಅವನ ಬಾಮೈದನದು. ಮೌಂಟಿಂಗ್ ಕೂರಿಸಿದವನೂ ಅವನೇ. ಕೀಲಿ ತಿರುಗಿಸಿದ್ದೇ ಸ್ಟಿಯರಿಂಗ್ ಜುಮ್ಮೆಂದಿತು, ಕನ್ನಡಿಯಲ್ಲಿ ಕಾಣುವುದೆಲ್ಲ ಕಲಸಿಹೋಯಿತು, ಡ್ಯಾಶ್‌ಬೋರ್ಡಿನ ಮೇಲಿಟ್ಟ ಪೆನ್ನು ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ಬಾಮೈದ ತಲೆ ಕೆರೆದುಕೊಂಡ. ಭಾವ, ಸ್ವಲ್ಪ ಜಾಸ್ತಿಯೇ ನಡುಗುತ್ತಿದೆಯಲ್ಲ ಅಂದ. ಹೊಸದು ಕಣೋ, ಓಡುತ್ತಾ ಓಡುತ್ತಾ ಸರಿಹೋಗುತ್ತೆ ಅಂತ ಗಟ್ಟಿಯಣ್ಣ ಹೇಳಿದ. ಆ ಬೀದಿಯಲ್ಲಿ ಬ್ರೇಕಿನಿಂದ ಹಿಡಿದು ಬಾಗಿಲಿನವರೆಗೆ ಎಲ್ಲದಕ್ಕೂ ಎಲ್ಲರೂ ಹೇಳುವ ಮಾತು ಅದು. ಮಗಳು ಅಪ್ಪನ ಮುಖವನ್ನೊಮ್ಮೆ ನೋಡಿದಳು. ಚೆನ್ನಾಗಿದೆ ಅಪ್ಪಾ ಅಂದಳು. ಸರಿ, ಇನ್ನು ಕೇಳಬೇಕೆ? ಕಾರು ಗುಜರಿಗೆ ಹೋದರೂ ಮೌಂಟಿಂಗ್ ಹೋಗುವುದಿಲ್ಲ ಅಂತ ಗಟ್ಟಿಯಣ್ಣ ಬೀದಿ ತುಂಬ ಡಂಗುರ ಸಾರಿದ.

ಅದಾದ ಮೇಲೆ ಮಗಳ ಕ್ಲಾಸು ಸೊರಗುತ್ತಾ ಬಂತು. ಮೊದಲು ಒಬ್ಬರು ಬಿಟ್ಟರು, ಆಮೇಲೆ ಇನ್ನೊಬ್ಬರು. ಹೊಸಬರು ಎರಡು ದಿನ ಬಂದು ಮೂರನೆಯ ದಿನ ಫೋನ್ ಎತ್ತುತ್ತಿರಲಿಲ್ಲ. ಮಗಳು ಮನೆಗೆ ಬಂದರೆ ಸೀಟಿನ ಕವರು ಹೊಲಿಯುತ್ತಾ ಕೂತ ಅಮ್ಮನ ಪಕ್ಕದಲ್ಲಿ ಕೂತು, ದಾರ ಸುತ್ತಿಕೊಡುತ್ತಿದ್ದಳು. ಗಟ್ಟಿಯಣ್ಣನಿಗೆ ಇದೆಲ್ಲ ಕಾಣುತ್ತಿತ್ತು, ಆದರೆ ಕಾರಣ ಮಾತ್ರ ಬೇರೆಲ್ಲೋ ಹುಡುಕುತ್ತಿದ್ದ. ಈಗಿನವರಿಗೆ ತಾಳ್ಮೆ ಎಲ್ಲಿದೆ, ಎರಡು ದಿನದಲ್ಲಿ ವಿಮಾನ ಹಾರಿಸಬೇಕು ಅವರಿಗೆ ಅಂತ ಊಟಕ್ಕೆ ಕೂತಾಗ ಬೈಯುತ್ತಿದ್ದ.

ಒಂದು ಸಂಜೆ ಮಗಳು ವಿಷಯ ಹೇಳಿಯೇಬಿಟ್ಟಳು. ದೊಡ್ಡ ಚೌಕದಲ್ಲಿ ಸಾಲಾಗಿ ಹೊಸ ಕಾರು ನಿಲ್ಲಿಸಿಕೊಂಡಿರುವ ಡ್ರೈವಿಂಗ್ ಸ್ಕೂಲಿನವರು ಅವಳನ್ನು ಕರೆದಿದ್ದಾರೆ. ಕಲಿಸುವುದಕ್ಕಲ್ಲ, ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುವುದಕ್ಕೆ, ಬಂದವರಿಗೆ ಟೈಮ್ ಹೇಳುವುದಕ್ಕೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು ಇಲ್ಲ ಉಹೂಂ ಅನ್ನಬೇಕು. ಹೂಂ ಅನ್ನುತ್ತೇನೆ, ಕಾರು ಮಾರಿಬಿಡೋಣ ಅಂದಳು. ಯಾಕೆ ಅಂದರೆ ಸುಸ್ತಾಗಿದೆ ಅಂದಳು. ಅಷ್ಟು ಆಸೆಪಟ್ಟು ಕಟ್ಟಿದ ಕ್ಲಾಸನ್ನು ಹಳೇ ಪೇಪರಿನ ಹಾಗೆ ಮಡಿಚಿಡುತ್ತಿದ್ದಾಳಲ್ಲ ಅಂತ ಗಟ್ಟಿಯಣ್ಣನಿಗೆ ಹೊಟ್ಟೆ ಉರಿದುಹೋಯಿತು. ಬೈದ, ಮುಖ ಊದಿಸಿಕೊಂಡ, ತಟ್ಟೆ ಬಿಟ್ಟು ಎದ್ದ. ಹೆಂಡತಿ ಏನೋ ಹೇಳಲು ಬಾಯಿ ತೆರೆದವಳು ಮಗಳ ಕಣ್ಸನ್ನೆ ನೋಡಿ ಸುಮ್ಮನಾದಳು. ಅದು ಅವನ ಕಣ್ಣಿಗೆ ಬೀಳಲಿಲ್ಲ.

ಎರಡು ದಿನ ಕಳೆದು ಶೆಡ್ಡಿಗೆ ಒಬ್ಬ ನರ್ಸ್ ಬಂದಳು. ಆಸ್ಪತ್ರೆಯ ಮಂಚದ ಗಾಲಿ ಒಡೆದಿತ್ತು, ಪಿಯು ಹೊಯ್ಸಿಕೊಂಡು ಹೋಗಬೇಕಿತ್ತು. ಮಾತಿನ ಮಲ್ಲಿ ಅನ್ನಬಹುದಾದ ಹೆಂಗಸು. ಗಾಲಿಯ ಅಳತೆ ತೆಗೆಯುವಷ್ಟರಲ್ಲಿ ಅವಳ ಕಷ್ಟಸುಖವೆಲ್ಲ ಹೊರಗೆ ಬಂತು. ಎದ್ದು ಓಡಾಡಲಾಗದ ಮುದುಕರ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಅವಳಿಗೆ ಬಲು ಇಷ್ಟ. ಆಸ್ಪತ್ರೆಯವರು ಅದಕ್ಕೆ ಗಾಡಿಯನ್ನೇನೋ ಕೊಡುತ್ತಾರೆ, ಆದರೆ ಲೈಸೆನ್ಸ್ ಇರುವವರಿಗೆ ಮಾತ್ರ. ಅದಕ್ಕೇ ಡ್ರೈವಿಂಗ್ ಕಲಿಯಲು ಹೋಗಿದ್ದಳಂತೆ. ಬಿಟ್ಟುಬಿಟ್ಟೆ ಅಂದಳು. ಕಲಿಸುವವರು ಕೂಗಾಡಿದರೇನಮ್ಮ ಅಂತ ಗಟ್ಟಿಯಣ್ಣ ಕೇಳಿದ.

"ಅಯ್ಯೋ ಇಲ್ಲ ಅಣ್ಣ, ಆ ಮೇಡಂ ಬಂಗಾರದಂಥವರು. ನನ್ನ ಕಾಲೇ ಸರಿ ಇಲ್ಲ. ಕ್ಲಚ್ ಮೇಲೆತ್ತುವಾಗ ಕಾರು ಸಣ್ಣಗೆ ನಡುಗುತ್ತೆ, ಅಲ್ಲಿ ನಿಲ್ಲಿಸಿ ಅಂತಾರೆ. ಆ ಕಾರು ಕೀಲಿ ತಿರುಗಿಸಿದಾಗಿಂದ ನಡುಗ್ತಾನೇ ಇರುತ್ತೆ. ಅದರೊಳಗೆ ಈ ಸಣ್ಣ ನಡುಕ ಯಾವುದು ಅಂತ ನನಗೆ ತಿಳಿಯೋದೇ ಇಲ್ಲ. ಬೇರೆಯವರಿಗೆ ತಿಳಿಯುತ್ತೇನೋ. ನನ್ನದು ಮರಗಟ್ಟಿದ ಕಾಲು."

ಗಟ್ಟಿಯಣ್ಣನ ಕೈಯಲ್ಲಿದ್ದ ಅಳತೆಪಟ್ಟಿ ಹಾಗೇ ನಿಂತಿತು. ಕಾರು ಯಾವುದು, ಯಾವ ಬಣ್ಣ ಅಂತ ಕೇಳಿದ. ಕೇಳುವ ಅಗತ್ಯವೇ ಇರಲಿಲ್ಲ. ಅವಳು ಹೇಳಿದ್ದು ಅವನ ಮಗಳ ಕಾರನ್ನೇ. ಗಾಲಿ ನಾಳೆ ಸಿಗುತ್ತೆ ಅಂತ ಹೇಳಿ ಕಳಿಸಿ, ಶೆಡ್ಡಿಗೆ ಬಾಗಿಲೂ ಹಾಕದೆ ಪಕ್ಕದ ಗ್ಯಾರೇಜಿಗೆ ಹೋದ.

ಬಾಮೈದ ಯಾವುದೋ ಕಾರಿನ ಕೆಳಗಿದ್ದ. ಹೊರಗೆ ಬಾರೋ ಅಂತ ಕಾಲು ಹಿಡಿದು ಎಳೆದ ಗಟ್ಟಿಯಣ್ಣ, ಮೌಂಟಿಂಗ್ ಓಡುತ್ತಾ ಓಡುತ್ತಾ ಸರಿಹೋಯಿತೋ ಇಲ್ಲವೋ ಹೇಳು ಅಂದ. ಬಾಮೈದ ಮೊದಲು ಅತ್ತಿತ್ತ ನೋಡಿದ, ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ಹೇಳಬೇಡ ಅಂತ ಅವಳೇ ನನ್ನ ಬಾಯಿಗೆ ಬೀಗ ಹಾಕಿಸಿದ್ದಳು, ಭಾವ. ಅಪ್ಪ ಬೀದಿಯೆಲ್ಲ ಹೇಳ್ಕೊಂಡು ಅಷ್ಟು ಖುಷಿಯಾಗಿದ್ದಾನೆ, ಅವನ ಮುಖ ಸಣ್ಣದಾಗೋದನ್ನ ನಾನು ನೋಡಲಾರೆ ಮಾಮ ಅಂದಳು. ಅಕ್ಕನಿಗೂ ಗೊತ್ತು. ಗೊತ್ತಿಲ್ಲದೋರು ನೀವೊಬ್ಬರೇ."

ಗಟ್ಟಿಯಣ್ಣ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಸಿದು ಕೂತ. ಬೈಯಲು ಯಾರೂ ಸಿಗಲಿಲ್ಲ. ತನ್ನ ಜಂಬಕ್ಕೆ ಪೆಟ್ಟು ಬೀಳಬಾರದು ಅಂತ ಮಗಳು ತನ್ನ ಅನ್ನದ ದಾರಿಯನ್ನೇ ಬಿಟ್ಟುಕೊಡಲು ಹೊರಟಿದ್ದಳು. ಯಾರೋ ಹೊರಗಿನವರಾಗಿದ್ದರೆ ಮಾರನೆಯ ದಿನವೇ ಬಂದು ಮೌಂಟಿಂಗ್ ಮುಖಕ್ಕೆ ಎಸೆದು ಹೋಗುತ್ತಿದ್ದರು. ಮಗಳಾಗಿ ಹುಟ್ಟಿದ್ದಕ್ಕೆ ಅವಳಿಗೆ ಅದೂ ಆಗಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿ ಬಂತು. ಕಣ್ಣು ಒದ್ದೆಯಾಗಿದ್ದನ್ನು ಬಾಮೈದ ನೋಡಿದ. ನೋಡಿದರೂ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಅತ್ತ ತಿರುಗಿದ.

ಮಗಳು ಸಂಜೆ ಕಾರು ತಂದು ನಿಲ್ಲಿಸುವುದನ್ನೇ ಕಾಯುತ್ತಿದ್ದ ಗಟ್ಟಿಯಣ್ಣ ಕಾರಿನ ಬಾಗಿಲ ಹತ್ತಿರ ಹೋಗಿ ಬಗ್ಗಿದ. ಏನೇನೋ ಹೇಳಬೇಕು ಅಂತ ಮನಸ್ಸಿನಲ್ಲೇ ಅಣಿ ಮಾಡಿಕೊಂಡಿದ್ದ. ಬಾಯಿಗೆ ಬಂದಿದ್ದು ಒಂದೇ.

"ನಿನ್ನ ಕಾರಿಗೆ ಎಂಥ ಮೌಂಟಿಂಗ್ ಬೇಕಮ್ಮಾ?"

ಮಗಳಿಗೆ ಎಲ್ಲ ಗೊತ್ತಾಗಿಹೋಯಿತು. ಸುಳ್ಳು ಹೇಳಲು ನೋಡಿದಳು, ಆಗಲಿಲ್ಲ. ಸ್ಟಿಯರಿಂಗ್ ಮೇಲೆ ಹಣೆ ಇಟ್ಟಳು. ಆಮೇಲೆ, ನನಗೆ ನಿನ್ನ ಅರವತ್ತು ತೊಂಬತ್ತು ತಿಳಿಯಲ್ಲ ಅಪ್ಪಾ, ಅದನ್ನ ಬಾಯಲ್ಲಿ ಹೇಳೋಕೂ ಬರಲ್ಲ, ನೀನೇ ಕೂತು ನೋಡಬೇಕು ಅಂದಳು. ಕೂತು ಅಂದರೆ ಎಲ್ಲಿ? ಇಲ್ಲಿ, ನನ್ನ ಜಾಗದಲ್ಲಿ. ನಾಳೆ ನೋಡೋಣ ಅಂದ ಗಟ್ಟಿಯಣ್ಣ. ನಾಳೆಯೇ ಅಂದಳು ಮಗಳು.

ಬಾಮೈದ ಹರಿದ ಹಳೆಯ ರಬ್ಬರ್ ಮೌಂಟಿಂಗನ್ನು ಬಿಸಾಡದೆ ಮೂಲೆಗೆ ಹಾಕಿದ್ದ. ಅದಕ್ಕೇ ತಂತಿ ಸುತ್ತಿ ಹೇಗೋ ಒಂದು ಬೆಳಗಿನ ಮಟ್ಟಿಗೆ ನಿಲ್ಲುವ ಹಾಗೆ ಕೂರಿಸಿಕೊಟ್ಟ. ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿಗೆ ಮಗಳು ಕಾರು ತಂದು ನಿಲ್ಲಿಸಿ ಇಳಿದಳು. ಅಪ್ಪ ಅವಳ ಜಾಗಕ್ಕೆ ಹತ್ತಿದ, ಅವಳು ಪಕ್ಕದ ಸೀಟಿಗೆ ಬಂದಳು. ಚಪ್ಪಲಿ ಬಿಡು ಅಂದಳು, ಬಿಟ್ಟ. ಅವನ ಅಂಗೈ ಬೆವತು ಸ್ಟಿಯರಿಂಗ್ ಜಾರುತ್ತಿತ್ತು. ಈ ವಯಸ್ಸಿಗೆ ಬಂದ ಗಂಡಸು, ಎಂಜಿನ್ನುಗಳ ಹೊಟ್ಟೆ ಬಗೆದು ನೋಡಿದವನು, ಬಯಲಿನಲ್ಲಿ ನೀರಿನ ತೊಟ್ಟಿ ಇದೆಯೇ ಅಂತ ನಾಲ್ಕು ಕಡೆಗೂ ಕಣ್ಣಾಡಿಸಿದ. ಮಗಳು ನಗಲಿಲ್ಲ. ನಕ್ಕಿದ್ದರೆ ಅವನು ಇಳಿದು ಹೋಗುತ್ತಿದ್ದ, ಅದು ಅವಳಿಗೆ ಗೊತ್ತಿತ್ತು.

ಮೊದಲ ಸಲ ಕ್ಲಚ್ ಧಬಕ್ಕನೆ ಬಿಟ್ಟ. ಕಾರು ಎಗರಿ ಆಫ್ ಆಯಿತು. ಎರಡನೆಯ ಸಲವೂ ಅದೇ ಕಥೆ. ಬಾನೆಟ್ಟಿನ ಕೆಳಗೆ ಎಂಜಿನ್ ಹೋಗಿ ಕಬ್ಬಿಣಕ್ಕೆ ಧಡ್ ಅಂತ ಬಡಿದದ್ದು ಅವನ ಬೆನ್ನುಹುರಿಗೇ ಬಡಿದ ಹಾಗಾಯಿತು. ಹೊರಗೆ ನಿಂತು ಎಷ್ಟೋ ಸಲ ಕೇಳಿದ್ದ ಸದ್ದೇ ಅದು, ಒಳಗೆ ಕೂತು ತಿಂದದ್ದು ಇದೇ ಮೊದಲು. ಕಣ್ಣು ಮುಚ್ಚು ಅಂದಳು ಮಗಳು. ಬ್ರೇಕ್ ಒತ್ತಿಕೊಂಡೇ ಇರು, ಎಡಗಾಲನ್ನ ಮಾತ್ರ ಎತ್ತು, ಇನ್ನೂ ನಿಧಾನ. ಗಟ್ಟಿಯಣ್ಣ ಎತ್ತಿದ. ಮೊದಲು ಏನೂ ಇಲ್ಲ, ಕಾರು ಸುಮ್ಮನೆ ಗುರುಗುಟ್ಟುತ್ತಿತ್ತು. ಇನ್ನೊಂದು ಚೂರು ಎತ್ತಿದ. ಆಗ ಅಂಗಾಲಿನ ಕೆಳಗೆ ಏನೋ ಮಿಸುಕಿತು. ಬೆಕ್ಕಿನ ಕತ್ತಿಗೆ ಬೆರಳಿಟ್ಟಾಗ ಆಗುವಂಥ ಸಣ್ಣ ನಡುಕ ಅದು. ಬಂತು, ಬಂತು ಅಂದ. ಬ್ರೇಕ್ ಬಿಡು ಅಂದಳು ಮಗಳು. ಬಿಟ್ಟ. ಕಾರು ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ ಮುಂದೆ ಹೋಯಿತು, ಹೋಗುತ್ತಲೇ ಇತ್ತು. ಗಟ್ಟಿಯಣ್ಣ ಕಣ್ಣು ಬಿಟ್ಟು ನೋಡಿ, ಗಾಬರಿಯಾಗಿ ನಿಲ್ಲಿಸಿ, ಮತ್ತೊಂದು ಸಲ ಮಾಡುತ್ತೇನೆ ಇರು ಅಂದ. ಬಿಸಿಲೇರುವವರೆಗೂ ಬಯಲು ಬಿಟ್ಟು ಬರಲಿಲ್ಲ.

ಅಲ್ಲಿಂದ ನೇರ ಶೆಡ್ಡಿಗೆ. ಈಗ ಮಗಳನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ, ಬೇರೆ ಗಿರಾಕಿಗಳಿಗೆ ಹಾಕುವ ಅಷ್ಟೂ ಪ್ರಶ್ನೆಯನ್ನು ಅವಳಿಗೂ ಹಾಕಿದ, ಮೇಲೆ ನಾಲ್ಕು ಹೊಸದನ್ನೂ ಸೇರಿಸಿದ. ಪಿಯುವಿನಲ್ಲಿ ಎರಡು ಜಾತಿ. ಒಂದು ಎಣ್ಣೆಗೆ ಜಗ್ಗುವುದಿಲ್ಲ, ಆದರೆ ನೀರೂ ಬಿಸಿಯೂ ಕೂಡಿದರೆ ವರ್ಷ ಕಳೆಯುತ್ತಾ ಅಂಟಂಟಾಗಿ ಪುಡಿಯಾಗುತ್ತದೆ. ಇನ್ನೊಂದಕ್ಕೆ ನೀರಿನ ಭಯವಿಲ್ಲ, ಎಣ್ಣೆ ಕಂಡರೆ ಅಷ್ಟಕ್ಕಷ್ಟೆ. ಗಟ್ಟಿಯಣ್ಣ ಯಾವಾಗಲೂ ಹೊಯ್ಯುತ್ತಿದ್ದದ್ದು ಮೊದಲನೆಯದನ್ನು, ಯಾಕೆಂದರೆ ಅವನ ಗಿರಾಕಿಗಳ ಎಂಜಿನ್ನೆಲ್ಲ ಎಣ್ಣೆ ಕಕ್ಕುವಂಥವು. ನಿನ್ನ ಎಂಜಿನ್ ಎಣ್ಣೆ ಸೋರುತ್ತಾ ಅಂತ ಕೇಳಿದ. ಒಂದು ಹನಿಯೂ ಇಲ್ಲ, ಮಾಮ ನೋಡ್ಕೊಳ್ತಾನೆ ಅಂದಳು. ನೀರು? ಮಳೆ ಬಂದರೆ ಬೇಕಂತಲೇ ನೀರು ನಿಂತ ರಸ್ತೆಗೆ ಕರೆದುಕೊಂಡು ಹೋಗುತ್ತೇನೆ, ಕಲಿಯುವವರಿಗೆ ಭಯ ಹೋಗಲಿ ಅಂತ ಅಂದಳು. ಗಟ್ಟಿಯಣ್ಣ ಹಣೆ ಚಚ್ಚಿಕೊಂಡ. ಗಡುಸು ಹಾಳಾಗಲಿ, ಜಾತಿಯೇ ತಪ್ಪಾಗಿತ್ತು.

ಅರವತ್ತರ ಹಳೇ ಡಬ್ಬ ತೆರೆದರೆ ಮಾಲು ಗಾಳಿ ಕುಡಿದು ಮೊಸರಾಗಿತ್ತು. ನೀರಿಗೆ ಹೆದರದ ಜಾತಿಯದೇ ಹೊಸ ಡಬ್ಬ ತರಿಸಿದ. ಮೆತ್ತಗೆ ಹೊಯ್ದು ಕೂರಿಸಿದ್ದಾಯಿತು. ಕಾರು ಬೆಣ್ಣೆಯ ಹಾಗೆ ನಿಂತು ಗುರುಗುಟ್ಟಿತು, ನಡುಕ ಕಾಲಿಗೆ ಚೆನ್ನಾಗಿಯೇ ಸಿಕ್ಕಿತು. ಆದರೆ ಗಟ್ಟಿಯಣ್ಣ ತಾನೇ ಬಯಲಿಗೆ ಹೋಗಿ ಬೇಕಂತಲೇ ಕ್ಲಚ್ ಧಬಕ್ಕನೆ ಬಿಟ್ಟಾಗ ಎಂಜಿನ್ ಎಷ್ಟು ವಾಲಿತೆಂದರೆ ಗೇರ್ ತಾನಾಗಿ ಕಳಚಿಕೊಂಡಿತು. ಇನ್ನು ಮೂರು ತಿಂಗಳಿಗೆ ಇದೂ ಹರಿಯುತ್ತೆ ಅಂದ ಬಾಮೈದ. ಹಾಗಾದರೆ ನಡುವಿನ ಎಪ್ಪತ್ತೈದು? ಅದೂ ಆಯಿತು. ನಡುಕ ಅರ್ಧ ಸಿಕ್ಕಿತು, ಏಟು ಅರ್ಧ ತಡೆಯಿತು, ಎರಡೂ ಕೆಟ್ಟವು. ತಿಂಗಳು ಮುಗಿಯಲು ಇನ್ನು ಹತ್ತೇ ದಿನ ಉಳಿದಿತ್ತು. ಮಗಳು, ಬಿಡು ಅಪ್ಪಾ, ನೀನು ಇಷ್ಟು ಮಾಡಿದ್ದೇ ನನಗೆ ಸಾಕು ಅಂದಳು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ದಾರಿ ಹೊಳೆದದ್ದು ಬಯಲಿನಲ್ಲೇ. ಈಗಾಗಲೇ ಅವನಿಗೆ ಕ್ಲಚ್ ಬಿಡುವ ಚಟ ಹಿಡಿದಿತ್ತು. ಒಮ್ಮೆ ಮೆಲ್ಲಗೆ, ಒಮ್ಮೆ ಧಬಕ್ಕನೆ, ಹಾಗೇ ಮಾಡುತ್ತಾ ಕೂತಿದ್ದ. ಮೆಲ್ಲಗೆ ಬಿಟ್ಟಾಗ ಎಂಜಿನ್ ಅಲುಗುವುದು ಚೂರೇ ಚೂರು. ಧಬಕ್ಕನೆ ಬಿಟ್ಟಾಗ ವಾಲುವುದು ಬೆರಳಗಲ. ಹಾಗಿದ್ದಮೇಲೆ ಒಂದೇ ಮಾಲು ಎರಡೂ ಕೆಲಸ ಯಾಕೆ ಮಾಡಬೇಕು? ಚೂರಿಗೊಂದು ಮಾಲು, ಬೆರಳಗಲಕ್ಕೊಂದು ಮಾಲು. ಶೆಡ್ಡಿಗೆ ಬಂದವನೇ ಅಚ್ಚನ್ನು ಬದಲಾಯಿಸಿದ. ನಡುವಿನ ಕೊಳವೆಯನ್ನು ಹಿಡಿದುಕೊಳ್ಳಲು ಮೆತ್ತನೆಯ ಅರವತ್ತು. ಅದರ ಎರಡು ಪಕ್ಕಕ್ಕೂ ಉಗುರಿನ ದಪ್ಪದಷ್ಟು ಖಾಲಿ ಕಿಂಡಿ. ಕಿಂಡಿಯ ಆಚೆ, ಹೊರಗಿನ ಬಳೆಗೆ ಅಂಟಿಕೊಂಡ ಹಾಗೆ, ಅದೇ ಜಾತಿಯ ತೊಂಬತ್ತರ ಗುಬುಟು. ಎಂಜಿನ್ ಸಣ್ಣಗೆ ನಡುಗುವಾಗ ಮೆತ್ತನೆಯದು ಮಾತ್ರ ಕೆಲಸ ಮಾಡಬೇಕು. ಯಾರಾದರೂ ಕ್ಲಚ್ ಎತ್ತಿ ಎಸೆದರೆ ಕಿಂಡಿ ಮುಚ್ಚಿ, ಗಟ್ಟಿ ಗುಬುಟು ಅಡ್ಡ ನಿಂತು ಸಾಕು ಇಲ್ಲಿಗೆ ಅನ್ನಬೇಕು.

ಮೊದಲನೆಯದು ಕೈಯಲ್ಲೇ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಗಟ್ಟಿ ಮಾಲು ಪೂರ್ತಿ ಒಣಗಿದ ಮೇಲೆ ಮೆತ್ತನೆಯದನ್ನು ಹೊಯ್ದಿದ್ದ, ಕಿಂಡಿಯ ಮೇಲೂ ಕೆಳಗೂ ಅವು ಕೂಡುವ ಕಡೆ ಒಂದಕ್ಕೊಂದು ಹಿಡಿಯಲಿಲ್ಲ. ಎರಡನೆಯ ಸಲ ಮೊದಲಿನದು ಇನ್ನೂ ಬೆರಳಿಗೆ ಅಂಟುವಾಗಲೇ ಮೇಲೆ ಹೊಯ್ದ. ಹಿಡಿಯಿತು. ಒಲೆಯಲ್ಲಿಟ್ಟು ಬಿಸಿ ಕೊಟ್ಟು, ಮಾರನೆಯ ಬೆಳಿಗ್ಗೆ ಬಿಡಿಸಿದಾಗ ಅಭ್ಯಾಸಬಲದಿಂದ ನೆಲಕ್ಕೆ ಎತ್ತಿ ಹಾಕಲು ಹೋದವನು ಕೈ ತಡೆದ. ಉಗುರೂ ಒತ್ತಲಿಲ್ಲ. ಈ ಮಾಲು ಒಂದು ವಾರದವರೆಗೂ ಒಳಗೊಳಗೇ ಗಡುಸಾಗುತ್ತಲೇ ಇರುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗಟ್ಟಿಯೇ ಬೇಕಾದವನಿಗೆ ಅದರ ಚಿಂತೆ ಇರಲಿಲ್ಲ ಅಷ್ಟೆ. ಹಲಗೆಯ ಮೇಲಿಟ್ಟು ಕಾದ. ದಿನಾ ಹೋಗಿ ಹಣಕಿ ನೋಡುವುದು, ಮುಟ್ಟದೆ ಬರುವುದು. ನಾನು ಹೆರಿಗೆಗೆ ಹೋದಾಗಲೂ ಇವರು ಇಷ್ಟು ಚಡಪಡಿಸಿರಲಿಲ್ಲ ಅಂತ ಹೆಂಡತಿ ಬಾಮೈದನ ಹತ್ತಿರ ಆಡಿಕೊಂಡಳು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಬಾಮೈದ ಅದನ್ನು ಕೂರಿಸಿದ. ಗಟ್ಟಿಯಣ್ಣ ತಾನು ನೋಡುವುದಿಲ್ಲ ಅಂದ. ನನ್ನ ಕಾಲು ಈಗ ಪಳಗಿದೆ, ನನ್ನ ಮಾತು ಸಾಕ್ಷಿಗೆ ಬರಲ್ಲ, ಗೊತ್ತಿಲ್ಲದ ಕಾಲು ಬೇಕು ಅಂದ. ಮಗಳು ನರ್ಸಿಗೆ ಫೋನ್ ಮಾಡಿದಳು. ನರ್ಸ್ ಬರುವುದಿಲ್ಲ ಅಂದಳು, ನಿಮ್ಮ ಟೈಮ್ ಯಾಕೆ ಹಾಳು ಮೇಡಂ ಅಂದಳು, ಕೊನೆಗೆ ಇದೊಂದೇ ಸಲ ಅಂತ ಡ್ಯೂಟಿಯ ಬಟ್ಟೆಯಲ್ಲೇ ಬಯಲಿಗೆ ಬಂದಳು. ಹಿಂದಿನ ಸೀಟಿನಲ್ಲಿ ಗಾಲಿ ಮಾಡಿಕೊಟ್ಟ ಅಣ್ಣ ಕೂತಿದ್ದು ನೋಡಿ ಅವಳಿಗೆ ಆಶ್ಚರ್ಯವಾಯಿತು. ಇವರು ನಮ್ಮಪ್ಪ ಅಂದಳು ಮಗಳು. ನರ್ಸ್ ಶೆಡ್ಡಿನಲ್ಲಿ ಆಡಿದ್ದೆಲ್ಲ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಕೀಲಿ ತಿರುಗಿತು. ಕಾರು ಮೆಲ್ಲಗೆ ಗುರುಗುಟ್ಟುತ್ತಾ ನಿಂತಿತು. ನರ್ಸ್ ಚಪ್ಪಲಿ ಬಿಟ್ಟು, ಬ್ರೇಕ್ ಒತ್ತಿ, ಎಡಗಾಲನ್ನು ಎತ್ತತೊಡಗಿದಳು. ಗಾಬರಿಯಲ್ಲಿ ಅವಳ ಕಾಲು ಜಾರಿ ಕ್ಲಚ್ ಧಬಕ್ಕನೆ ಬಿಟ್ಟುಹೋಯಿತು. ಕಾರು ಒಮ್ಮೆ ತೂಗಿ, ಮೆತ್ತಗೆ ಅಡ್ಡ ಸಿಕ್ಕಿದ ಹಾಗೆ ನಿಂತು ಆಫ್ ಆಯಿತು. ಧಡ್ ಅನ್ನಲಿಲ್ಲ, ಗೇರ್ ಕಳಚಲಿಲ್ಲ. ಗಟ್ಟಿಯಣ್ಣ ಹಿಂದಿನ ಸೀಟಿನಲ್ಲಿ ಮುಷ್ಟಿ ಬಿಗಿಹಿಡಿದ. ಇನ್ನೊಮ್ಮೆ ಅಂದಳು ಮಗಳು. ನರ್ಸ್ ಮತ್ತೆ ಎತ್ತಿದಳು. ಅರ್ಧ ದಾರಿಯಲ್ಲಿ ಅವಳ ಕಾಲು ತಾನಾಗಿ ನಿಂತಿತು. ಯಾರೂ ನಿಲ್ಲಿಸಿ ಅಂದಿರಲಿಲ್ಲ.

"ಮೇಡಂ, ಇದೇನಾ?"

ಮಗಳು ತಲೆಯಾಡಿಸಿದಳು. ನರ್ಸ್ ಬ್ರೇಕಿನಿಂದ ಕಾಲು ತೆಗೆದಳು, ಕಾರು ಹೊರಟಿತು. ಬಯಲಿನ ಅಂಚಿನವರೆಗೆ ಹೋಗಿ, ಅವಳೇ ನಿಲ್ಲಿಸಿ, ಅವಳೇ ಮತ್ತೆ ಹೊರಡಿಸಿದಳು. ಮೂರನೆಯ ಸಲಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ನಾನು ದಡ್ಡಿ ಅಂದುಕೊಂಡಿದ್ದೆನಲ್ಲ, ಕಾಲು ಇದ್ದಕ್ಕಿದ್ದ ಹಾಗೆ ಹೇಗೆ ಸರಿಹೋಯಿತು ಅಂತ ಕೇಳಿದಳು. ಮಗಳು ಕಿಟಕಿಯ ಕಡೆ ನೋಡಿದಳು. ಅಪ್ಪ ಎದುರಿಗಿರುವಾಗ ಅವಳ ಬಾಯಿ ಈಗಲೂ ಕಟ್ಟಿತ್ತು.

"ನಿಮ್ಮ ಕಾಲು ಮೊದಲೂ ಸರಿಯಾಗೇ ಇತ್ತಮ್ಮ," ಅಂದ ಗಟ್ಟಿಯಣ್ಣ ಹಿಂದಿನಿಂದ. "ಕಾರನ್ನ ಕೆಡಿಸಿದ್ದು ನಾನು. ಯಾರು ಕೂರ್ತಾರೆ, ಏನು ಬೇಕು ಅಂತ ನನ್ನ ಮಗಳನ್ನ ಒಂದು ಮಾತು ಕೇಳಲಿಲ್ಲ. ನೀವು ಬಿಟ್ಟು ಹೋಗಿದ್ದು, ಬೇರೆಯವರು ಬಿಟ್ಟು ಹೋಗಿದ್ದು ಎಲ್ಲ ನನ್ನಿಂದ. ಅವಳದು ಏನೂ ತಪ್ಪಿಲ್ಲ."

ಮಗಳು ಹಿಂದಕ್ಕೆ ತಿರುಗಲಿಲ್ಲ, ಬಲಗೈಯನ್ನು ಮಾತ್ರ ಎರಡು ಸೀಟುಗಳ ನಡುವಿನಿಂದ ಹಿಂದಕ್ಕೆ ಚಾಚಿದಳು. ಗಟ್ಟಿಯಣ್ಣ ಅದನ್ನು ಹಿಡಿದುಕೊಂಡ. ಅಷ್ಟರಲ್ಲಿ ಅವಳ ಮಡಿಲಲ್ಲಿದ್ದ ಫೋನ್ ಬಡಿದುಕೊಂಡಿತು. ದೊಡ್ಡ ಚೌಕದ ಸ್ಕೂಲಿನವರು. ನಾಳೆಯಿಂದ ಬರುತ್ತೀರೋ ಇಲ್ಲವೋ ಅಂತ ಕೇಳಿದ್ದು ಹಿಂದಿನ ಸೀಟಿಗೂ ಕೇಳಿಸಿತು. ಅವಳು ಅಪ್ಪನ ಕೈ ಬಿಡದೆ ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇಲ್ಲ, ಬರೋಕಾಗಲ್ಲ," ಅಂದಳು. "ಈಗ ಜಾಸ್ತಿ ಮಾತಾಡೋಕೂ ಆಗಲ್ಲ, ಕ್ಲಾಸ್ ನಡೀತಾ ಇದೆ."

ಫೋನ್ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಬಯಲಿನ ಆಚೆ ಓಡಾಡುತ್ತಿದ್ದ ವಾಹನಗಳ ಕಡೆ ಕೈ ತೋರಿಸಿ, ಇನ್ನು ರಸ್ತೆಗೆ ಹೋಗೋಣ ಅಂತ ನರ್ಸಿಗೆ ಹೇಳಿದಳು.